ಹೊಗೆ ತಾಗದ ಹೊಗೆಸೊಪ್ಪು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಶ್ರಾವಣದ ಜಿಟಿಮಳೆಯ ನಡುವೆ ಸಂಚರಿಸುವವರ ಕಣ್ಣಿಗೆ ಊರಿಗೆ ಮುಂಚೆ ಕಾಣುವುದು ಬ್ಯಾರನ್ನುಗಳ ಹೊಗೆ. ಹೊಲದಿಂದ ಕೊಯ್ದು ತಂದ ತಂಬಾಕಿನ ಎಲೆಯನ್ನು ಬೇಯಿಸುವ ಎತ್ತರದ ಮನೆಗೆ ಇಲ್ಲಿಯವರು ಬ್ಯಾರನ್ ಎನ್ನುತ್ತಾರೆ. ಪದ ಇಂಗ್ಲಿಷಿನದಾದರೂ ಅಕ್ಷರವರಿಯದ ಮುದುಕಿಯ ಬಾಯಲ್ಲಿಯೂ ಅದು ಸಲೀಸಾಗಿ ಹೊರಳುತ್ತದೆ.

ಹೊಗೆಸೊಪ್ಪು ಎಂಬುದು ಎರಡು ಅಚ್ಚಗನ್ನಡ ಶಬ್ದಗಳು ಕೂಡಿದ ಸಮಾಸ. ವಿನೋದವೆಂದರೆ, ಈ ಸೀಮೆಯ ವರ್ಜೀನಿಯಾ ಎಲೆಗೆ ಬೇಯುವಾಗ ಹೊಗೆ ಸೋಂಕಲೇಕೂಡದು. ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಬೆಂಕಿಯ ಹೊಗೆ ತಗಡಿನ ಕೊಳವೆಗಳಲ್ಲಿ ನೆಲದುದ್ದಕ್ಕೂ ಹರಿದು ಚಿಮಣಿಯಿಂದ ಹೊರಬೀಳುತ್ತದೆ. ಕೊಳವೆಯ ಕಾವು ಮಾತ್ರ ಮೇಲೇರಿ, ಕೋಲುಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಎಲೆಯನ್ನು ಮುಟ್ಟುತ್ತದೆ. ಮೊದಲು ಸುಮಾರು 35ರಿಂದ 38 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಒಳಗಿನ ಪಿಷ್ಟ ಸಕ್ಕರೆಯಾಗುವುದು ಆಗಲೇ. ಆ ಹಳದಿ ಕಂದಾಗುವ ಮುನ್ನ ಕಾವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ ಬಣ್ಣವನ್ನು ನಿಲ್ಲಿಸಬೇಕು. ಕಟ್ಟಕಡೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುನರವೂ ಒಣಗಬೇಕು. ಐದಾರು ದಿನ ಬೆಂಕಿ ಆರುವಂತಿಲ್ಲ. ಮನೆಯ ಹಿರಿಯನೋ ಮಗನೋ ಸರದಿಯ ಮೇಲೆ ನಿದ್ದೆಗೆಟ್ಟು ಕಾಯುತ್ತಾರೆ. ಕೊಳ್ಳುವವನು ಬೆಲೆ ಕಟ್ಟುವುದು ಬಹುಮಟ್ಟಿಗೆ ಆ ಬಣ್ಣಕ್ಕೆ.

ಈ ಬಣ್ಣಕ್ಕೆ ತೆರುವ ಸೌದೆ ಎಷ್ಟು? ಬೆಂದ ಎಲೆ 1 ಕಿಲೋಗೆ ಸುಮಾರು 4ರಿಂದ 5 ಕಿಲೋ ಎಂಬುದು ರೂಢಿಯ ಲೆಕ್ಕ. ಹಸಿ ಎಲೆಯಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಪಾಲು ನೀರು. ಒಂದು ಕಿಲೋ ಬೆಂದ ಎಲೆ ದೊರೆಯಬೇಕಾದರೆ 5-6 ಕಿಲೋ ನೀರು ಆವಿಯಾಗಬೇಕು. ಅಷ್ಟು ನೀರನ್ನು ಆವಿಯಾಗಿಸುವುದಕ್ಕೆ, ಬರಿಯ ಲೆಕ್ಕದಲ್ಲಿ ನೋಡಿದರೆ, ಚೆನ್ನಾಗಿ ಒಣಗಿದ ಸೌದೆ ಹತ್ತಿರಹತ್ತಿರ ಒಂದು ಕಿಲೋ ಸಾಕು. ತೇವದ ಗಾಳಿಯೊಡನೆ ಒಂದಿಷ್ಟು ಕಾವು ಹೊರಹೋಗುವುದು ಅನಿವಾರ್ಯವೆಂದರೂ, ಮಿಕ್ಕದ್ದೆಲ್ಲವೂ ಬಿರುಕುಬಿಟ್ಟ ಗೋಡೆ, ತೆಳುವಾದ ಚಾವಣಿ, ಕೆಳಗಿನಿಂದ ಗಾಳಿಯಾಡದ ಒಲೆ, ನೇರವಾಗಿ ಚಿಮಣಿಗೆ ಓಡುವ ಬಿಸಿ ಹೊಗೆ ಇವುಗಳ ಪಾಲು. ಮರವನ್ನು ನುಂಗುತ್ತಿರುವುದು ಎಲೆಗಿಂತ ಹೆಚ್ಚಾಗಿ ಕಟ್ಟಡ. ನಾಗರಹೊಳೆಯ ಕಾಡಿನ ಅಂಚಿನಲ್ಲಿರುವ ಸೀಮೆಗೆ ಇದು ಸಣ್ಣ ಮಾತಲ್ಲ.

ರೋಗದ ಮೂಲ ಕಟ್ಟಡದಲ್ಲಿರುವುದರಿಂದ ಮದ್ದೂ ಅಲ್ಲಿಯೇ ಇದೆ. ಚಾವಣಿಯ ಕೆಳಗೆ ಕಾವು ತಡೆಯುವ ಪದರ, ಒಲೆಯೊಳಗೆ ಕಬ್ಬಿಣದ ಸರಳುಗಳ ಜಾಲರಿ, ಒಳಗಿನ ಶಾಖವನ್ನು ಊಹೆಗೆ ಬಿಡದೆ ಅಳೆಯುವ ಉಷ್ಣಮಾಪಕ, ಸೀಳಿ ಒಂದು ಬೇಸಗೆ ಒಣಗಿಸಿದ ಸೌದೆ: ಇವುಗಳಲ್ಲಿ ಯಾವುದೂ ಅದ್ಭುತ ಯಂತ್ರವಲ್ಲ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರವೂ, 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯೂ ಸೌದೆ ಉಳಿಸುವ ಬ್ಯಾರನ್ನುಗಳ ಮಾತನ್ನು ರೈತರಿಗೆ ತಿಳಿಸುತ್ತಲೇ ಬಂದಿವೆ. ಕಾಫಿಹೊಟ್ಟು, ಭತ್ತದ ಹೊಟ್ಟುಗಳನ್ನು ಒತ್ತಿ ಮಾಡಿದ ತುಂಡುಗಳನ್ನೂ ಉರಿಸಿ ನೋಡಿದ್ದಾರೆ. ನೀಲಗಿರಿ ನೆಟ್ಟರೆ ಸಾಕು, ಸೌದೆಯ ಚಿಂತೆ ಹರಿಯಿತು ಎನ್ನುವವರುಂಟು. ಸೋರುವ ಕೊಡಕ್ಕೆ ಎರಡನೆಯ ಬಾವಿ ತೋಡುವ ಬುದ್ಧಿ ಅದು.

ಸೇದುವವನ ಎದೆಯನ್ನು ಸುಡುವ ಬೆಳೆಗೆ ಇಷ್ಟೆಲ್ಲ ವಿಚಾರವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2004ರಲ್ಲಿ ಸಮ್ಮತಿಯಿತ್ತಿದೆ. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬುದೂ ಅದರಲ್ಲಿ ಸೇರಿದೆ. ಆದರೆ ಮುಂಗಾರನ್ನೇ ನಂಬಿದ ಈ ಮರಳುಮಿಶ್ರಿತ ಕೆಂಪು ನೆಲದಲ್ಲಿ ಅಷ್ಟೇ ಹಣ ಕೊಡುವ ಇನ್ನೊಂದು ಬೆಳೆ ಸುಲಭವಾಗಿ ಸಿಕ್ಕದು. ಅದು ಸಿಕ್ಕುವವರೆಗೂ ಬ್ಯಾರನ್ ಉರಿಯುತ್ತಲೇ ಇರುತ್ತದೆ.

ಇಷ್ಟು ತಿಳಿದೂ ಹಳೆಯ ಬ್ಯಾರನ್ನುಗಳು ಹಾಗೆಯೇ ಉಳಿದಿರುವುದಕ್ಕೆ ರೈತನ ಅಜ್ಞಾನವನ್ನು ಹೊಣೆ ಮಾಡುವುದು ಸಲ್ಲದು. ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಬಂದುದು 1984ರಲ್ಲಿ. ಅಲ್ಲಿ ಎಲೆಯ ಬಣ್ಣಕ್ಕೆ ಬೆಲೆಯುಂಟು. ಅದು ಎಷ್ಟು ಸೌದೆಯಲ್ಲಿ ಬೆಂದಿತೆಂಬುದಕ್ಕೆ ಬೆಲೆಯಿಲ್ಲ. ಅಲ್ಲದೆ ಹರಾಜಿನ ಹಣ ಕೈಗೆ ಬರುವುದು ಮಳೆಗಾಲ ಮುಗಿದ ಮೇಲೆ. ಸೌದೆಗೆ ಹಣ ತೆರಬೇಕಾದುದು ಸಸಿ ನೆಟ್ಟ ಹೊತ್ತಿನಲ್ಲಿ, ಗೊಬ್ಬರದ ಸಾಲ, ಕೂಲಿ, ಮಕ್ಕಳ ಶಾಲೆಯ ಖರ್ಚು ಇವೆಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುವಾಗ. ಚಾವಣಿಯ ರಿಪೇರಿ ಆಗ ಮುಂದಿನ ವರ್ಷಕ್ಕೆ ಹೋಗುತ್ತದೆ.