ಹಕ್ಕಿ ನೋಡ್ತೀರಂತೆ, ಹೇಳಿ

ದೆಹಲಿಯ ಷಹಜಹಾನ್ ರಸ್ತೆ, ಫೆಬ್ರವರಿಯ ಒಂದು ಬೆಳಿಗ್ಗೆ. ಆಟೋ ನಿಮ್ಮನ್ನು ಧೋಲ್‌ಪುರ ಹೌಸಿನ ಗೇಟಿನೆದುರು ಇಳಿಸಿದೆ. ಒಂದು ಕಾಲಕ್ಕೆ ಇದು ಧೋಲ್‌ಪುರ ಸಂಸ್ಥಾನದ ಅರಸರಿಗೆಂದು ಕಟ್ಟಿಸಿದ ಮನೆ. ಈಗ ಕೇಂದ್ರ ಲೋಕಸೇವಾ ಆಯೋಗದ ಕಚೇರಿ, ಸಿವಿಲ್ ಸರ್ವೀಸಸ್ ಸಂದರ್ಶನ ನಡೆಯುವ ಜಾಗ. ಫುಟ್‌ಪಾತಿನ ಮೇಲೆ ಅಪ್ಪಂದಿರು, ಅಣ್ಣಂದಿರು ನಿಂತಿದ್ದಾರೆ. ಒಬ್ಬ ತಾಯಿ ಮಗಳ ಸೀರೆಯ ನೆರಿಗೆ ಸರಿಮಾಡುತ್ತಿದ್ದಾರೆ. ನಿಮ್ಮ ಜೊತೆಗೆ ಯಾರೂ ಬಂದಿಲ್ಲ. ಅಪ್ಪ ರಾತ್ರಿಯೇ ಫೋನು ಮಾಡಿ, "ಭಯ ಬೀಳ್ಬೇಡ, ಕೇಳಿದ್ದಕ್ಕೆ ನಿಧಾನಕ್ಕೆ ಹೇಳು" ಎಂದು ಇಟ್ಟುಬಿಟ್ಟಿದ್ದಾರೆ.

ಮೊಬೈಲು ಒಪ್ಪಿಸಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಮೂಲ ಪ್ರತಿ ತೋರಿಸಿ, ದೊಡ್ಡ ಹಾಲಿನಲ್ಲಿ ಕೂರುತ್ತೀರಿ. ಮೇಜಿನ ಸುತ್ತ ಕೂತ ಎಲ್ಲರೂ ಒಂದೇ ಮಂಡಳಿಯ ಮುಂದೆ ಹೋಗಬೇಕಾದವರು. ಮಂಡಳಿಯ ಅಧ್ಯಕ್ಷರು ಯಾರೆಂಬುದು ಈಗಷ್ಟೇ ತಿಳಿದಿದೆ. ಪಕ್ಕದ ಹುಡುಗ ಬಿಹಾರದವನು. ಅವನು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಯೇ ಇದು: "ಹವ್ಯಾಸ ಏನಂತ ಬರೆದೆ?" ಅವನು ಬರೆದಿರುವುದು ಪುಸ್ತಕ ಓದುವುದು. ಪರೀಕ್ಷೆಯ ಪುಸ್ತಕ ಬಿಟ್ಟು ಬೇರೆಯದನ್ನು ಓದಿ ಮೂರು ವರ್ಷವಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿ, ಒಂದು ಕಾದಂಬರಿಯ ಸಾರಾಂಶವನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಾನೆ. ಅವನನ್ನು ದೂರಲು ಮನಸ್ಸಾಗುವುದಿಲ್ಲ. ಈ ಪರೀಕ್ಷೆಯೇ ಅವನ ಓದನ್ನು ಕಿತ್ತುಕೊಂಡದ್ದು.

ನೀವು ಅರ್ಜಿಯ ಹವ್ಯಾಸದ ಅಂಕಣ ತುಂಬಿದ್ದು ಪ್ರಿಲಿಮ್ಸ್ ಪಾಸಾದ ಮೇಲೆ, ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ. ಹೆಸರು, ಊರು, ಪದವಿ ಎಲ್ಲ ಮುಗಿದು ಕರ್ಸರು ಅಲ್ಲಿ ಬಂದು ನಿಂತಿತ್ತು. "ಹಕ್ಕಿ ನೋಡುವುದು" ಎಂದು ಟೈಪು ಮಾಡುತ್ತಿದ್ದಂತೆ ಸೀನಿಯರ್ ತಡೆದಿದ್ದರು. "ಬೇಡ ಗುರು. ಸಲೀಂ ಅಲಿಯಿಂದ ಹಿಡಿದು ಜಾಲಾಡಿಬಿಡ್ತಾರೆ. ಯೋಗ ಅಂತ ಹಾಕು, ಸೇಫು." ಯೋಗ ಹೋಗಲಿ, ನೀವು ಬೆಳಿಗ್ಗೆ ಏಳೂವರೆಗಿಂತ ಮುಂಚೆ ಎದ್ದವರೇ ಅಲ್ಲ, ಹಕ್ಕಿ ಇದ್ದರೆ ಮಾತ್ರ ಐದಕ್ಕೇ ಎಚ್ಚರ. ಹಾಗಾಗಿ ಹಕ್ಕಿಯೇ ಉಳಿಯಿತು.

ಜವಾನ ನಿಮ್ಮ ಹೆಸರು ಕರೆಯುತ್ತಾನೆ. ಬಾಗಿಲ ಹೊರಗಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು, ಆಮೇಲೆ ಗಂಟೆ.

ಒಳಗೆ ಮಧ್ಯದಲ್ಲಿ ಅಧ್ಯಕ್ಷರು, ಎರಡೂ ಕಡೆ ಸದಸ್ಯರು. ಮೇನ್ಸ್ ಕನ್ನಡದಲ್ಲೇ ಬರೆದು ಸಂದರ್ಶನಕ್ಕೂ ಕನ್ನಡವನ್ನೇ ಆರಿಸಿಕೊಂಡಿದ್ದೀರಿ, ಅದಕ್ಕೆ ದುಭಾಷಿಯೊಬ್ಬರು ಇದ್ದಾರೆ. ಮೇನ್ಸ್‌ನಲ್ಲಿ ನಿಮಗೆಷ್ಟು ಬಂದಿದೆ ಎಂಬುದು ಅವರಿಗೂ ತಿಳಿಯದು, ನಿಮಗೂ ತಿಳಿಯದು. ಅವರ ಕೈಯಲ್ಲಿರುವುದು ನಿಮ್ಮದೇ ಅರ್ಜಿ. ಪದವಿ, ಜಿಲ್ಲೆ, ಕಾವೇರಿ ನೀರು ಎಂದು ಮಾತು ಒಂದು ಸುತ್ತು ಮುಗಿಯುತ್ತದೆ. ನಾಲಿಗೆ ಇನ್ನೂ ಒಣಗಿದೆ.

ಆಗ ಅಧ್ಯಕ್ಷೆ ಹಾಳೆ ತಿರುಗಿಸುತ್ತಾರೆ. "ಹಕ್ಕಿ ನೋಡ್ತೀರಂತೆ, ಹೇಳಿ. ಕೊನೆಯ ಸಲ ನೋಡಿದ್ದು ಯಾವಾಗ?"

"ಹೋದ ತಿಂಗಳು, ಮೇಡಂ. ಕೊಕ್ಕರೆ ಬೆಳ್ಳೂರಿನಲ್ಲಿ. ಅದು ನನ್ನ ಸೋದರತ್ತೆಯ ಊರು."

ನಿಮ್ಮ ಬೆನ್ನು ಕುರ್ಚಿಗೆ ತಾಗಿದ್ದು ನಿಮಗೇ ಗೊತ್ತಾಗುತ್ತದೆ. ಬೆಂಗಳೂರು–ಮೈಸೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ಬಸ್ಸಿಳಿದು ಒಳಗೆ ಹೋಗಬೇಕು. ಮದ್ದೂರು ತಾಲ್ಲೂಕು. ಊರ ನಡುವಿನ ಹುಣಸೆಮರ, ಅರಳಿಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಮನೆಯ ಹೆಂಚಿನ ಮೇಲೆ ಹಿಕ್ಕೆ, ಅಂಗಳದಲ್ಲಿ ಅರ್ಧ ತಿಂದ ಮೀನು, ಮಧ್ಯಾಹ್ನವಿಡೀ ಮರಿಗಳ ಗಲಾಟೆ. ನೀವು ಇದನ್ನೆಲ್ಲ ಹೇಳುತ್ತಾ ಹೋಗುತ್ತೀರಿ, ಯಾರೂ ತಡೆಯುವುದಿಲ್ಲ.

"ಕಾಡು ಬಿಟ್ಟು ಊರೊಳಗೇ ಯಾಕೆ?"

"ಎತ್ತರದ ಮರ ಇದೆ. ಸುತ್ತ ಕೆರೆ ಇವೆ, ಶಿಂಷಾ ಹೊಳೆ ಇದೆ, ಮೀನು ಸಿಗುತ್ತೆ. ಜನ ಕಲ್ಲು ಹೊಡೆಯೋದಿಲ್ಲ. ಹಕ್ಕಿ ಬಂದರೆ ಊರಿಗೆ ಒಳ್ಳೇದು ಅಂತ ನಂಬಿಕೆ. ಹಿಕ್ಕೆ ಹೊಲಕ್ಕೆ ಗೊಬ್ಬರ."

ಬಲಗಡೆಯ ಸದಸ್ಯರು ಮುಂದಕ್ಕೆ ಬಾಗುತ್ತಾರೆ. "ಹುಣಸೆ ಫಸಲು ಹಾಳಾಗಲ್ವಾ?"

ಹಾಳಾಗುತ್ತದೆ. ಅದಕ್ಕಾಗಿ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದು ಸಾಲದು ಎಂಬ ಮಾತು ಅತ್ತೆಯ ಮನೆಯ ಜಗುಲಿಯಲ್ಲೇ ಕೇಳಿದ್ದೀರಿ. ಅದನ್ನೂ ಮುಚ್ಚಿಡದೆ ಹೇಳುತ್ತೀರಿ. ತಕ್ಷಣ ಮುಂದಿನದು: "ಸರಿ, ನೀವೀಗ ಜಿಲ್ಲಾಧಿಕಾರಿ. ಒಬ್ಬ ರೈತ ಬಂದು ಮಗಳ ಮದುವೆ ಇದೆ, ಮರ ಕಡಿದು ಮಾರುತ್ತೇನೆ ಅನ್ನುತ್ತಾನೆ. ಏನು ಮಾಡ್ತೀರಿ?"

ಪಕ್ಷಿಶಾಸ್ತ್ರದ ಪ್ರಶ್ನೆ ಎಂದುಕೊಂಡದ್ದು ಆಡಳಿತದ ಪ್ರಶ್ನೆಯಾಗಿ ನಿಂತಿದೆ. ಈ ಸಂದರ್ಶನದ ಹೆಸರೇ ವ್ಯಕ್ತಿತ್ವ ಪರೀಕ್ಷೆ. ಉದ್ದೇಶವಿರುವ ಸಹಜ ಮಾತುಕತೆ ಇದಾಗಿರಬೇಕು, ಪಾಟೀಸವಾಲು ಆಗಬಾರದು ಎಂದು ಆಯೋಗದ ನಿಯಮವೇ ಹೇಳುತ್ತದೆ. ಹವ್ಯಾಸದಿಂದ ಮಾತು ಶುರುಮಾಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ನ್ಯಾಯವಾದ ದಾರಿ. ದೊಡ್ಡ ಕಾಲೇಜಿನವರಿಗೂ ಹಳ್ಳಿಯವರಿಗೂ ಅಲ್ಲಿ ಒಂದೇ ನೆಲ. ತನಗೆ ಇಷ್ಟವಾದದ್ದರ ಬಗ್ಗೆ ಮಾತಾಡಲು ಯಾವ ಇಂಗ್ಲಿಷ್ ಶಾಲೆಯೂ ಬೇಕಿಲ್ಲ.

ರೈತನ ಮನೆಗೆ ನಾನೇ ಹೋಗುತ್ತೇನೆ ಎನ್ನುತ್ತೀರಿ. ಗೂಡಿನಲ್ಲಿ ಮರಿ ಇರುವ ತಿಂಗಳುಗಳನ್ನಾದರೂ ದಾಟಿಸಲು ಕೇಳುತ್ತೇನೆ, ಬಾಕಿ ಪರಿಹಾರ ಇದ್ದರೆ ಅಷ್ಟರಲ್ಲಿ ಕೊಡಿಸುತ್ತೇನೆ, ಊರಿನ ಹೆಜ್ಜಾರ್ಲೆ ಬಳಗದವರನ್ನು ಜೊತೆಗೆ ಕರೆಯುತ್ತೇನೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕುವವರು ಅವರು, ಅವರ ಮಾತು ಅಧಿಕಾರಿಯ ಮಾತಿಗಿಂತ ಊರಿನಲ್ಲಿ ಹೆಚ್ಚು ನಡೆಯುತ್ತದೆ. ಸದಸ್ಯರು ತಲೆಯಾಡಿಸುತ್ತಾರೆ. ಒಪ್ಪಿದರೋ ಬರೀ ಕೇಳಿಸಿಕೊಂಡರೋ ಹೇಳಲಾಗದು.

ಎಡಗಡೆಯವರ ಸರದಿ. "ಹಕ್ಕಿಯ ಹುಚ್ಚಿದ್ದ ಒಬ್ಬ ಹಳೆಯ ಕಲೆಕ್ಟರ್ ಹೆಸರು ಹೇಳಿ."

"ಎ. ಒ. ಹ್ಯೂಮ್, ಸರ್. ಇಟಾವಾದಲ್ಲಿದ್ದರು. 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು."

"ಅವರು ಹಕ್ಕಿಗಳಿಗಾಗಿ ಒಂದು ಪತ್ರಿಕೆ ನಡೆಸಿದ್ದರಲ್ಲ?"

ಹೆಸರು ನಾಲಿಗೆಗೆ ಬರುವುದಿಲ್ಲ. "ಗೊತ್ತಿಲ್ಲ ಸರ್." ಅವರೇ ನಕ್ಕು ಹೇಳುತ್ತಾರೆ: ಸ್ಟ್ರೇ ಫೆದರ್ಸ್. ಹ್ಯೂಮ್ ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳನ್ನು ಯಾರೋ ಕದ್ದು ಸಿಮ್ಲಾದ ಬಜಾರಿನಲ್ಲಿ ರದ್ದಿಗೆ ಮಾರಿದ ಕಥೆಯನ್ನೂ ಸೇರಿಸುತ್ತಾರೆ. ಒಂದು ನಿಮಿಷ ಆ ಕೋಣೆಯಲ್ಲಿ ಕೇಳುವವರು ನೀವು, ಹೇಳುವವರು ಅವರು. ಗೊತ್ತಿಲ್ಲ ಎಂದದ್ದಕ್ಕೆ ಯಾರ ಮುಖವೂ ಗಂಟಿಕ್ಕಲಿಲ್ಲ.

ಅರ್ಧ ಗಂಟೆಯ ಆಸುಪಾಸಿನಲ್ಲಿ "ಥ್ಯಾಂಕ್ ಯೂ" ಬರುತ್ತದೆ. ಹೊರಗೆ ಬಂದಾಗ ಬಿಹಾರದ ಹುಡುಗ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಾನೆ. ಮಾತಾಡುವಂತಿಲ್ಲ. ಅವನ ತುಟಿ ಇನ್ನೂ ಸಾರಾಂಶ ಒಪ್ಪಿಸುತ್ತಿದೆ.

ಮೇನ್ಸ್‌ಗೆ 1750, ಈ ಸಂದರ್ಶನಕ್ಕೆ 275, ಒಟ್ಟು 2025 ಅಂಕ. ಹವ್ಯಾಸಕ್ಕೆಂದು ಪ್ರತ್ಯೇಕ ಅಂಕ ಎಲ್ಲೂ ನಮೂದಾಗುವುದಿಲ್ಲ, ಹಕ್ಕಿ ನಿಮಗೆಷ್ಟು ತಂದುಕೊಟ್ಟಿತೆಂದು ಫಲಿತಾಂಶ ಬಂದ ಮೇಲೂ ತಿಳಿಯದು. ಆದರೂ ಈ ವರ್ಷ ಅರ್ಜಿ ತುಂಬುವವರಲ್ಲಿ ನನ್ನದೊಂದು ಕೋರಿಕೆ: ಆ ಅಂಕಣದಲ್ಲಿ ನಿಮ್ಮದಲ್ಲದ ಒಂದು ಪದವನ್ನೂ ಬರೆಯಬೇಡಿ. ಸೋಬಾನೆ ಪದ ಹಾಡುವವರಾದರೆ ಸೋಬಾನೆ ಪದ, ಹಿತ್ತಿಲಲ್ಲಿ ಬದನೆ ಬೆಳೆಯುವವರಾದರೆ ಬದನೆ ಕೃಷಿ. ಕೋಚಿಂಗಿನವರ ಸೇಫ್ ಪಟ್ಟಿಯನ್ನು ಅವರಿಗೇ ವಾಪಸು ಕೊಟ್ಟುಬಿಡಿ.