ಜೀಪು ಸಾಕಿದವರ ಸಾಕ್ಷಿ

ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಇಟ್ಟುಕೊಂಡವರನ್ನು ನಾನು ಚಿಕ್ಕಂದಿನಿಂದ ಬಲ್ಲೆ; ಮಳೆಯ ಇಂಚು, ಕಾಫಿಯ ಧಾರಣೆ, ಆಳುಗಳ ಬಟವಾಡೆ ಮೊದಲಾದ ವಿಷಯಗಳಲ್ಲಿ ಅವರ ಮಾತಿಗೆ ಪ್ರಮಾಣಪತ್ರ ಬೇಕಿಲ್ಲವಾದರೂ, ತಮ್ಮ ಜೀಪನ್ನು ಕುರಿತು ಅವರು ಆಡುವ ಮಾತನ್ನು ಮಾತ್ರ ಒಂದಿಷ್ಟು ಸೋಸಿಕೊಂಡೇ ಸ್ವೀಕರಿಸಬೇಕಾಗುತ್ತದೆ. "ಗಾಡಿ ಹೇಗೆ, ನಂಬಬಹುದೆ?" ಎಂದು ಕೇಳಿದರೆ, ಪ್ರಶ್ನೆಯೇ ಅನುಚಿತವೆಂಬಂತೆ ಒಂದು ಕ್ಷಣ ಸುಮ್ಮನಿದ್ದು, "ಇವತ್ತಿನವರೆಗೆ ಕೈಕೊಟ್ಟಿದ್ದಿಲ್ಲ" ಎನ್ನುತ್ತಾರೆ. ಹೀಗೆನ್ನುವಾಗ ಅವರು ಅದೇ ಈಗ ಜೀಪಿನ ಅಡಿಯಿಂದ ಎದ್ದು ಬಂದು, ಮೊಳಕೈವರೆಗೆ ಮೆತ್ತಿದ ಗ್ರೀಸನ್ನು ಹಳೆಯ ಗೋಣಿಯ ತುಂಡಿಗೆ ಒರಸಿಕೊಳ್ಳುತ್ತಿರುವುದು ಅಪರೂಪವಲ್ಲ.

ನನ್ನ ಸೋದರಮಾವನವರು ಈ ಪಂಥದ ನಿಷ್ಠಾವಂತ ಅನುಯಾಯಿಗಳು. ಅವರ ತೋಟ ಬಾಳೆಹೊನ್ನೂರಿನಿಂದ ಒಳಕ್ಕೆ, ಡಾಂಬರು ಮುಗಿದ ಮೇಲೆ ಒಂದು ಹಳ್ಳವನ್ನೂ ಎರಡು ಕಡಿದಾದ ಏರುಗಳನ್ನೂ ದಾಟಿದ ಬಳಿಕ ಸಿಕ್ಕತಕ್ಕದ್ದು. ಆಷಾಢದ ಮಳೆ ಹಿಡಿಯಿತೆಂದರೆ ಲಾರಿ ಅತ್ತ ಸುಳಿಯುತ್ತಿರಲಿಲ್ಲ. ಎತ್ತಿನ ಗಾಡಿ ಕೆಸರಿನಲ್ಲಿ ಅಚ್ಚಿನವರೆಗೆ ಹೂತು ಹೋಗುತ್ತಿತ್ತು. ಗೊಬ್ಬರ, ಅಕ್ಕಿ, ಸೀಮೆಎಣ್ಣೆ, ಜ್ವರ ಬಂದ ಆಳು, ರಜಕ್ಕೆ ಬಂದ ನಾವು, ಎಲ್ಲರಿಗೂ ಎಲ್ಲಕ್ಕೂ ಹಿಂದಿನ ಗಾಲಿಗಳಿಗೆ ಕಬ್ಬಿಣದ ಸರಪಳಿ ಬಿಗಿದುಕೊಂಡು ನಾಲ್ಕು ಚಕ್ರಗಳಿಂದಲೂ ಮಣ್ಣನ್ನು ಎರಚುತ್ತ ಬರುವ ಆ ಜೀಪೊಂದೇ ಗತಿ. ಅದರ ಕುಲಗೋತ್ರಗಳನ್ನು ಹೇಳುವುದು ಸುಲಭವಲ್ಲ. ಚಾಸಿ ಸೈನ್ಯದ ಹರಾಜಿನಲ್ಲಿ ಬಂದದ್ದೆಂದು ಪ್ರತೀತಿ, ಎಂಜಿನ್ನು ಬೇರೊಂದರದು, ಗೇರುಪೆಟ್ಟಿಗೆ ಹಾಸನದ ಗುಜರಿಯಿಂದ ತಂದದ್ದು, ಮೈಯನ್ನು ಚಿಕ್ಕಮಗಳೂರಿನ ಮೇಸ್ತ್ರಿಯೊಬ್ಬ ತಗಡು ಬಡಿದು ಕಟ್ಟಿದ್ದು. ಇಂಥದ್ದರ ದೋಷಕ್ಕೆ ಯಾವ ಕಾರ್ಖಾನೆಯನ್ನು ಹೊಣೆ ಮಾಡುವುದು?

ದೋಷವೇ ಇಲ್ಲವೆಂಬುದು ಮಾವನವರ ಸಿದ್ಧಾಂತವಾದ್ದರಿಂದ ಆ ಪ್ರಶ್ನೆ ಅವರಿಗೆ ಹುಟ್ಟಲೂ ಇಲ್ಲ. ಗಾಜು ಒರಸುವ ವೈಪರಿನ ಸಂಗತಿಯನ್ನೇ ನೋಡಿ. ಆ ಕಾಲದ ವೈಪರು ವಿದ್ಯುತ್ತಿನಿಂದ ಆಡತಕ್ಕದ್ದಲ್ಲ; ಎಂಜಿನ್ನು ಉಸಿರನ್ನು ಒಳಗೆಳೆದುಕೊಳ್ಳುವಾಗ ಉಂಟಾಗುವ ಸೆಳೆತವನ್ನು ಒಂದು ರಬ್ಬರು ಕೊಳವೆಯ ಮೂಲಕ ತಂದು, ಅದರಿಂದಲೇ ಕಡ್ಡಿಯನ್ನು ಆಡಿಸುವ ಏರ್ಪಾಡು. ಏರು ಬಂದು ಎಕ್ಸಲರೇಟರನ್ನು ಪೂರ್ತಿ ತುಳಿದೊಡನೆ ಆ ಸೆಳೆತ ಕುಗ್ಗುತ್ತದೆ. ಆದಕಾರಣ ಮಳೆ ಧಾರಾಕಾರವಾಗಿ, ಏರು ಗೋಡೆಯಂತೆ, ಎಡಗಡೆ ಪ್ರಪಾತವಾಗಿ ಇರುವ ಆ ಘಳಿಗೆಯಲ್ಲಿಯೇ ಕಡ್ಡಿ ಗಾಜಿನ ನಡುವೆ ನಿಂತುಬಿಡುತ್ತದೆ. ಮಾವನವರು ಒಂದು ಕ್ಷಣ ಕಾಲನ್ನು ಎತ್ತುವರು. ಕಡ್ಡಿ ಎರಡು ಸಲ ಆಡುವುದು. ಆ ಎರಡು ಆಟಗಳ ನಡುವೆ ಕಂಡಷ್ಟು ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮತ್ತೆ ತುಳಿಯುವರು. ಅಂಜಿ ಕುಳಿತ ನನಗೆ ಅವರು ಕೊಟ್ಟ ವ್ಯಾಖ್ಯಾನ ಇದು: "ಏರಿನಲ್ಲಿ ಶಕ್ತಿಯೆಲ್ಲ ಚಕ್ರಕ್ಕೆ ಬೇಕು. ಗಾಜು ಒರಸುವುದಕ್ಕೆ ಅದನ್ನು ಪೋಲು ಮಾಡುವಷ್ಟು ದಡ್ಡ ಗಾಡಿ ಅಲ್ಲ ಇದು." ಇನ್ನೊಮ್ಮೆ ಹಳ್ಳದ ಬಳಿ ಸ್ಪ್ರಿಂಗಿನ ಪ್ಲೇಟು ಕಟ್ಟಾಗಿ, ಮುರಿದ ಕಡೆ ಕಾಫಿಗಿಡದ ಗೂಟವನ್ನಿಟ್ಟು ಹಗ್ಗದಿಂದ ಬಿಗಿಯುವುದರಲ್ಲಿ ಕತ್ತಲಾಯಿತು. ಅದನ್ನು ನಾನು ನೆನಪಿಸಿದರೆ, ಜೀಪು ನಿಂತದ್ದಲ್ಲ, ತಾವು ನಿಲ್ಲಿಸಿಕೊಂಡದ್ದು ಎಂದು ತಿದ್ದುವರು. ನಪಾಸಾದ ಮಗನ ಪರವಾಗಿ ಪ್ರಶ್ನೆಪತ್ರಿಕೆಯನ್ನು ಬೈಯುವ ತಾಯಿಯ ಧಾಟಿ ಅದು.

ಈ ವಾಹನದ ಜನ್ಮವೃತ್ತಾಂತವನ್ನು ನಾನು ಓದಿಕೊಂಡದ್ದು ಎಷ್ಟೋ ತಡವಾಗಿ. 1940ರ ಬೇಸಗೆಯಲ್ಲಿ, ಯೂರೋಪಿನಲ್ಲಿ ಯುದ್ಧ ಹೊತ್ತಿ ಉರಿಯುತ್ತಿರಲು, ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಚಕ್ರಗಳಿಗೂ ಬಲ ಹರಿಯುವ ಒಂದು ಗಾಡಿ ತನಗೆ ಬೇಕೆಂದು, ಮಾದರಿಯನ್ನು 49 ದಿನಗಳೊಳಗಾಗಿ ಒಪ್ಪಿಸಬೇಕೆಂದು, ತೂಕ 1300 ಪೌಂಡನ್ನು ಮೀರಕೂಡದೆಂದು ಕಂಪನಿಗಳಿಗೆ ಬರೆಯಿತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನಲ್ಲಿ ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನನ್ನು ಕರೆತಂದಿತು. ಆತ ಎರಡೇ ದಿನಗಳಲ್ಲಿ ನಕ್ಷೆಯನ್ನು ಮುಗಿಸಿದ. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಉಳಿದಿದ್ದಾಗ, ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರವನ್ನು ತಲಪಿತೆಂದು ಹೇಳುತ್ತಾರೆ. ಇಷ್ಟೆಲ್ಲ ಮಾಡಿದ ಕಂಪನಿಗೆ ದೊರೆತ ಫಲವಾದರೂ ಏನು? ಇಷ್ಟು ಚಿಕ್ಕವರು ಯುದ್ಧಕ್ಕೆ ಬೇಕಾದಷ್ಟು ಗಾಡಿಗಳನ್ನು ಒದಗಿಸಲಾರರೆಂದು ಸೈನ್ಯವು ಅವರ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಕಣ್ಣಿಗೂ ಬೀಳಿಸಿತು. ಯುದ್ಧ ಮುಗಿಯುವ ವೇಳೆಗೆ ಆ ಇಬ್ಬರು ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ಮಾಡಿದ್ದರೆ, ಬ್ಯಾಂಟಮ್ ಅವುಗಳ ಹಿಂದೆ ಕಟ್ಟುವ ಟ್ರೇಲರುಗಳನ್ನು ಮಾಡುತ್ತಿತ್ತು.

1300 ಪೌಂಡಿನ ಮಿತಿ ಯಾರಿಂದಲೂ ಸಾಧ್ಯವಾಗದೆ, ಸೈನ್ಯ ಅದನ್ನು ಕಡೆಗೆ 2160ಕ್ಕೆ ಏರಿಸಿತು. ವಿಲ್ಲಿಸ್ ಕಂಪನಿಯ ಡೆಲ್ಮಾರ್ ರೂಸ್ ಎಂಬ ಎಂಜಿನಿಯರನ ಗಾಡಿ ಅದನ್ನೂ ಮೀರಿತ್ತು. ಅರವತ್ತು ಅಶ್ವಶಕ್ತಿಯ ತನ್ನ ಎಂಜಿನ್ನನ್ನು ಬಿಟ್ಟುಕೊಡಲು ಆತ ಒಪ್ಪಲಿಲ್ಲ. ಬದಲಾಗಿ ಇಡೀ ಗಾಡಿಯನ್ನು ಬಿಚ್ಚಿ ಹರಡಿ, ಬೋಲ್ಟುಗಳಲ್ಲಿ ನಟ್ಟಿನಿಂದಾಚೆ ಹೊರಚಾಚಿದ ತುದಿಗಳನ್ನು ಕತ್ತರಿಸಿ, ಬಣ್ಣದ ಲೇಪವನ್ನು ಕೂಡ ತೆಳ್ಳಗೆ ಮಾಡಿ ಮಿತಿಯೊಳಗೆ ತಂದ. ಮಾವನವರು ಈ ಕಥೆಯನ್ನು ಕೇಳಿದವರಲ್ಲ, ಆದರೂ ಅವರು ಬಾನೆಟ್ಟು ಎತ್ತಿ, "ನೋಡು, ಇದರಲ್ಲಿ ಬೇಡದ್ದು ಒಂದೂ ಇಲ್ಲ" ಎನ್ನುತ್ತಿದ್ದುದು ರೂಸನ ಕತ್ತರಿಯನ್ನು ಕುರಿತೇ ಎಂದು ನನಗೆ ಈಗ ತೋರುತ್ತದೆ. ಇಲ್ಲದ ವಸ್ತು ಕೆಡಲಾರದಷ್ಟೆ. ಇರುವುದು ಕೆಟ್ಟರೆ ಕೈಗೆ ಎಟುಕುತ್ತದೆ, ಕಣ್ಣಿಗೆ ಕಾಣುತ್ತದೆ, ಮೂರು ಪಾನಗಳಿಗೂ ಒಂದು ಸುತ್ತಿಗೆಗೂ ಬಗ್ಗುತ್ತದೆ.

ಯುದ್ಧರಂಗದಲ್ಲಿ ಇದನ್ನು ಹೊಗಳಿದವರಲ್ಲಿ ಪ್ರಸಿದ್ಧನಾದವನು ವರದಿಗಾರ ಅರ್ನಿ ಪೈಲ್. ನಾಯಿ, ಹೇಸರಗತ್ತೆ, ಆಡು ಈ ಮೂರರ ಸದ್ಗುಣಗಳನ್ನೂ ಆತ ಅದಕ್ಕೆ ಆರೋಪಿಸಿದ. ಆದರೆ ಆ ಹೊಗಳಿಕೆಗೆ ನಾನು ಹೆಚ್ಚು ಬೆಲೆ ಕೊಡಲಾರೆ; ಕೆಟ್ಟ ಜೀಪನ್ನು ರಿಪೇರಿ ಮಾಡಿಸುವ ಖರ್ಚು ಅವನದಾಗಿರಲಿಲ್ಲ, ಸರ್ಕಾರದ್ದು. ಗ್ಯಾರೇಜಿನ ಬಿಲ್ಲನ್ನು ಸ್ವಂತ ಜೇಬಿನಿಂದ ಕೊಟ್ಟು, ಆಮೇಲೂ ಹೊಗಳುವವನ ಮಾತು ಬೇರೆಯೇ ದರ್ಜೆಯದು.

ಅಂಥವರು ನಮ್ಮಲ್ಲಿ ಹುಟ್ಟಲು ಕಾರಣವಾದದ್ದು ಮುಂಬಯಿ. 1945ರಲ್ಲಿ ಮಹೀಂದ್ರ ಸಹೋದರರೂ ಗುಲಾಮ್ ಮಹಮ್ಮದರೂ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ತೆರೆದ ಕಂಪನಿಯು 1947ರ ಹೊತ್ತಿಗೆ ಜೀಪಿನ ಕಡೆಗೆ ತಿರುಗಿತು. ದೇಶ ವಿಭಾಗವಾಗಿ ಗುಲಾಮ್ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಪ್ರಥಮ ಅರ್ಥಸಚಿವರಾದರು, ಕಂಪನಿ 1948ರಲ್ಲಿ ಹೆಸರನ್ನು ಬದಲಾಯಿಸಿಕೊಂಡಿತು. 1953ರಲ್ಲಿ ವಿಲ್ಲಿಸ್ ಹೊರತಂದ ಸಿಜೆ-3ಬಿ ಎಂಬ ಮಾದರಿ, ಹೊಸ ಎಂಜಿನ್ನು ಹಳೆಯದಕ್ಕಿಂತ ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಿಕೊಂಡು ಬಂದು, ನಮ್ಮ ದೇಶದ ಅರಣ್ಯ ಇಲಾಖೆ, ಪೊಲೀಸು, ಚುನಾವಣೆ, ಸಿನಿಮಾದ ಖಳನಾಯಕ ಇವೆಲ್ಲಕ್ಕೂ ಲಾಂಛನವಾಯಿತು. ತವರಿನಲ್ಲಿ ಅದು 1968ಕ್ಕೆ ನಿಂತಿತು. ಇಲ್ಲಿ ಅದರ ವಂಶ ಇನ್ನೂ ಅನೇಕ ದಶಕಗಳ ಕಾಲ ಬೆಳೆಯಿತು.

ಪೆಟ್ರೋಲಿನ ಬೆಲೆ ಏರಿದ ಮೇಲೆ ಡೀಸೆಲ್ ಬಂತು, ಅದರೊಡನೆ ಮತಭೇದವೂ ಬಂತು. 1980ರ ದಶಕದಲ್ಲಿ ಪ್ಯೂಜೋ ಎಂಜಿನ್ನಿನ ಜೀಪು ಕೊಂಡ ನೆರೆತೋಟದ ಗೌಡರು ಭಾನುವಾರ ಮಾವನವರ ಜಗಲಿಗೆ ಬಂದರೆಂದರೆ ಸ್ಮಾರ್ತ ವೈಷ್ಣವರ ವಾದಕ್ಕೆ ಕಡಮೆಯಿಲ್ಲದ ವಾದ. ಹಳ್ಳ ದಾಟುವಾಗ ಪೆಟ್ರೋಲು ಗಾಡಿಯ ಡೆಲ್ಕೊಕ್ಕೆ ನೀರು ಹೋಗಿ ಕಿಡಿ ಸತ್ತು ನೀರಿನ ನಡುವೆಯೇ ನಿಲ್ಲುತ್ತದೆ, ತಮ್ಮದರಲ್ಲಿ ಕಿಡಿಯೇ ಇಲ್ಲವಾದ್ದರಿಂದ ಸಾಯುವ ಮಾತೇ ಇಲ್ಲ ಎಂದು ಗೌಡರು. ಬ್ಯಾಟರಿ ಸತ್ತರೂ ಹ್ಯಾಂಡಲ್ ಹೊಡೆದು ಎಬ್ಬಿಸಬಹುದಾದದ್ದು ಪೆಟ್ರೋಲು ಗಾಡಿ, ಡೀಸೆಲಿನ ಒತ್ತಡಕ್ಕೆ ಮನುಷ್ಯನ ತೋಳು ಸಾಲದು ಎಂದು ಮಾವನವರು. ಗೌಡರು ಹೇಳದೆ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಟ್ಯಾಂಕು ಬರಿದಾಗಿ ಏರ್ ಹಿಡಿದ ಅವರ ಜೀಪಿನ ಪಂಪಿನ ನಟ್ಟನ್ನು ಸಡಿಲಿಸಿ, ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ, ನೊರೆನೊರೆಯಾಗಿ ಗುಳ್ಳೆಗಳೊಡನೆ ಹೊರಬರುವ ಡೀಸೆಲು ಗುಳ್ಳೆಯಿಲ್ಲದೆ ನಯವಾಗಿ ಹರಿಯುವವರೆಗೆ, ಬಿಳಿಯ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಅವರು ಬಾಗಿ ನಿಂತ ಆ ದೃಶ್ಯ.

ಇವರೆಲ್ಲರಿಗಿಂತ ನಾನು ಹೆಚ್ಚು ನಂಬುವ ಸಾಕ್ಷಿ ಕೊಡಚಾದ್ರಿಯ ಬಾಡಿಗೆ ಜೀಪಿನವನೊಬ್ಬ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರಿನ ಕಡೆಯಿಂದ ಹೋಗುವ ದಾರಿಯ ಕೊನೆಯ ಭಾಗವನ್ನು ದಾರಿ ಎನ್ನುವುದೇ ಔದಾರ್ಯ. ಮಳೆ ಕೊರೆದ ಕಾಲುವೆಗಳು, ಬಂಡೆಗಳು, ಒಂದು ಗಾಲಿ ಆಕಾಶದಲ್ಲಿರುವಾಗ ಇನ್ನೊಂದು ಗುಂಡಿಯಲ್ಲಿರುವ ತಿರುವುಗಳು. ಸರ್ವಜ್ಞಪೀಠವನ್ನು ನೋಡಲು ಬಂದವರು ಏರುವಾಗ ಕಂಬಿಯನ್ನು ಹಿಡಿದು ದೇವರನ್ನು ನೆನೆಯುತ್ತಾರೆ. ಆ ಚಾಲಕನ ಚಿಂತೆಯೆಲ್ಲ ಇಳಿಯುವುದರದು. "ಹತ್ತುವಾಗ ಕೆಟ್ಟರೆ ಕಲ್ಲು ಕೊಟ್ಟು ನಿಲ್ಲಿಸಬಹುದು, ಸ್ವಾಮಿ" ಎಂದು ಅವನು ಹೇಳಿದ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆ ಹರಿಯುವುದು ಒಂದೇ ಮೂಲದಿಂದ. ಎಲ್ಲೋ ಒಂದು ಕೊಳವೆ ಸೋರಿತೆಂದರೆ ನಾಲ್ಕೂ ಒಟ್ಟಿಗೆ ಹೋದವು. ನೀರು ದಾಟಿ ಒದ್ದೆಯಾದ ಡ್ರಮ್ಮುಗಳಂತೂ ಒಣಗುವವರೆಗೆ ಹಿಡಿಯುವುದೇ ಇಲ್ಲ. ಪೆಡಲನ್ನು ಮೃದುವಾಗಿ ಒತ್ತಿಕೊಂಡೇ ಒಂದಷ್ಟು ದೂರ ಓಡಿಸಿ ಅವನ್ನು ಕಾಯಿಸಬೇಕು. ಆದುದರಿಂದ ಅವನು ಬೆಳಗ್ಗೆ ಹಲ್ಲುಜ್ಜುವ ಮೊದಲು ಬ್ರೇಕೆಣ್ಣೆ ನೋಡುತ್ತಾನೆ. ಇಳಿಯುವಾಗ ಲೋ ಗೇರಿಗೆ ಹಾಕಿ, ಎಂಜಿನ್ನಿನ ಬಿಗಿತದಿಂದಲೇ ಗಾಡಿಯನ್ನು ತಡೆದು ಹಿಡಿದು ಇಳಿಸುತ್ತಾನೆ. ತನ್ನ ಜೀಪನ್ನು ಅವನು ಒಮ್ಮೆಯೂ ಹೊಗಳಲಿಲ್ಲ. ಏನೇನು ಸವೆದಿದೆ, ಇನ್ನೆಷ್ಟು ಕಾಲ ಬರುತ್ತದೆ, ಇದನ್ನು ಮಾತ್ರ ಹೇಳಿದ.

ಈಗಿನ ಗಾಡಿಗಳ ಮಾತೇ ಬೇರೆ. 2010ರಲ್ಲಿ ಥಾರ್ ಬಂದಾಗಿನಿಂದ ತೋಟದ ತರುಣರು ಅದರ ಕಡೆ ವಾಲಿದರು. ಅವು ಕೆಡುವುದು ಅಪರೂಪ, ಬ್ರೇಕು ಹಿಡಿಯುತ್ತದೆ, ವೈಪರು ಏರಿನಲ್ಲಿಯೂ ಆಡುತ್ತದೆ, ಮಳೆ ಒಳಗೆ ಬರುವುದಿಲ್ಲ. ಲೆಕ್ಕ ಹಾಕಿದರೆ ಹೊಸದೇ ನಂಬತಕ್ಕದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ಜ್ವರ ಬಂದ ಮಗುವನ್ನು ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ನಾನು ಹತ್ತುವುದೂ ಅದನ್ನೇ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡರೆ ಅದರ ಯಜಮಾನ ಬಾನೆಟ್ಟು ಎತ್ತಿ ನೋಡಿ, ಏನೂ ತಿಳಿಯದೆ ಮುಚ್ಚಿ, ಪೇಟೆಗೆ ಫೋನು ಮಾಡುತ್ತಾನೆ ಎಂಬುದೂ ನಿಜ. ಮಾವನವರು ಇದನ್ನು ಬಹಳ ಸಂತೋಷದಿಂದ ಹೇಳುತ್ತಿದ್ದರು.

ಕಣ್ಣು ಮಂಜಾದ ಮೇಲೆ, ಮಕ್ಕಳ ಒತ್ತಾಯಕ್ಕೆ, ಅವರು ಜೀಪನ್ನು ಮಾರಲು ಒಪ್ಪಿದರು. ಕೊಪ್ಪದ ಕಡೆಯಿಂದ ಗಿರಾಕಿ ಬಂದ ದಿನ ನಾನೂ ಅಲ್ಲಿದ್ದೆ. ಅಷ್ಟು ವರ್ಷ ಒಂದು ದೋಷವನ್ನೂ ಒಪ್ಪಿಕೊಳ್ಳದಿದ್ದ ಮಹಾನುಭಾವರು ಆ ಬೆಳಗ್ಗೆ ಗಿರಾಕಿಯನ್ನು ಜೀಪಿನ ಸುತ್ತ ಪ್ರದಕ್ಷಿಣೆ ಮಾಡಿಸುತ್ತ, ಎರಡನೆಯ ಗೇರು ಇಳಿಜಾರಿನಲ್ಲಿ ತಾನಾಗಿ ಕಳಚಿಕೊಳ್ಳುವುದನ್ನೂ, ಸ್ಟೇರಿಂಗು ಕಾಲು ಸುತ್ತು ಪುಕ್ಕಟೆ ತಿರುಗುವುದನ್ನೂ, ಎಂಜಿನ್ನು ಎಣ್ಣೆ ಕುಡಿಯುವುದನ್ನೂ, ವೈಪರಿನ ಏರಿನ ಚರಿತ್ರೆಯನ್ನೂ ಒಂದೊಂದಾಗಿ, ಒಂದನ್ನೂ ಬಿಡದೆ, ಬೇಡವೆಂದು ಅವನೇ ಎದ್ದು ಹೋಗಲಿ ಎಂಬಂತೆ ನಿವೇದಿಸಿದರು. ಗಿರಾಕಿ ಎಲ್ಲಕ್ಕೂ ತಲೆದೂಗಿ, ಕೆಳಗೆ ಬಗ್ಗಿ ಚಾಸಿಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ಕೇಳಿ, ಸರಪಳಿಯೂ ಈ ಬೆಲೆಯಲ್ಲಿಯೇ ಸೇರಿದೆಯೋ ಎಂದಷ್ಟೇ ವಿಚಾರಿಸಿದ. ಸರಪಳಿಯ ಮೇಲೆ ಚೌಕಾಸಿ ಊಟದ ಹೊತ್ತಿನವರೆಗೆ ನಡೆಯಿತು. ಸಾಯಂಕಾಲ ಹೊರಡುವಾಗ ಗಾಡಿ ಏಳಲಿಲ್ಲ. ಮಾವನವರು ಪಕ್ಕದಲ್ಲಿ ನಿಂತು, ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದೆಂಬ ಮರ್ಮವನ್ನು ಹೇಳಿಕೊಡುತ್ತಿರಲು ಅವನು ಹೊಡೆದೇ ಹೊಡೆದ, ಅಂಗಿಯನ್ನು ಕಳಚಿಟ್ಟು ಮತ್ತೆ ಹೊಡೆದ. ಕಡೆಗೆ ಎಂಜಿನ್ನು ಹತ್ತಿಕೊಂಡು ಅಂಗಳವೆಲ್ಲ ಹೊಗೆಯಾದಾಗ, ಬೆವರನ್ನು ಒರಸಿಕೊಳ್ಳುತ್ತ ನನ್ನ ಕಡೆಗೆ ತಿರುಗಿ, "ನೋಡಿದಿರಾ, ಒಂದೇ ಏಟಿಗೆ ಬಂತು" ಎಂದನು.