ಜೀನಿನಿಂದ ಇಳಿದ ಮೇಲೆ

ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂಗಳ ತೊಗರಿಯ ಹೊಲಗಳನ್ನು ಹಾದು ಮೂಡಣಕ್ಕೆ ಸಾಗುವವನಿಗೆ ಹೈದರಾಬಾದು ದೂರದ ಊರಲ್ಲ. ಈ ಹಳಿ ವಾಡಿಯನ್ನು ಸಿಕಂದರಾಬಾದಿಗೆ ಕೂಡಿಸಿದ್ದು 1874ರಲ್ಲಿ, ನಿಜಾಮರ ಕಾಲದಲ್ಲಿ. ಶಹಾಬಾದಿನವರು ವಾಡಿಗೆ ಬಂದು, ಚಿಂಚೋಳಿಯವರು ತಾಂಡೂರಿಗೆ ಹೋಗಿ ಇದೇ ದಾರಿಯನ್ನು ಹಿಡಿದವರು. ಆಸ್ಪತ್ರೆಗೆಂದೋ, ಕಚೇರಿಗೆಂದೋ, ಮದುವೆಯ ಜವಳಿಗೆಂದೋ ಹೋದವರಲ್ಲಿ ಕೆಲವರಾದರೂ ಮಲಕಪೇಟೆಯ ಕುದುರೆ ಪಂದ್ಯವನ್ನು ನೋಡಿ ಬಂದಿರಬೇಕು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, 1886ರಲ್ಲಿ, ಮೌಲಾಲಿಯಿಂದ ಅಲ್ಲಿಗೆ ಬಂದ ಮೈದಾನವದು.

ನೋಡುವವರ ಕಣ್ಣೆಲ್ಲ ಜಾಕಿಯ ಬಣ್ಣದ ಅಂಗಿಯ ಮೇಲೆ. ಕಟಕಟೆಗೆ ಒರಗಿ, ದುರ್ಬೀನು ಹಿಡಿದು ಮೌನವಾಗಿ ನಿಂತ ಮನುಷ್ಯನನ್ನು ಗಮನಿಸುವವರು ವಿರಳ. ಆತ ಕುದುರೆಯ ತರಬೇತುದಾರ. ಹಿಂದೊಮ್ಮೆ ಆತನೇ ಜಾಕಿಯಾಗಿದ್ದವನಾದರೆ, ಒಂದೇ ಆಯುಷ್ಯದಲ್ಲಿ ಎರಡು ಜನ್ಮಗಳನ್ನು ಕಂಡವನೆಂದು ಹೇಳಬೇಕು.

ಜಾಕಿಯ ಜನ್ಮ ತಕ್ಕಡಿಯ ಮೇಲೆ ನಡೆಯುವುದು. ಪಂದ್ಯಕ್ಕೆ ಮುನ್ನ ತೂಕ, ಪಂದ್ಯ ಮುಗಿದ ಮೇಲೆ ಮತ್ತೆ ತೂಕ. ಹೆಚ್ಚುಕಡಿಮೆ ಐವತ್ತು ಕಿಲೋಗ್ರಾಮಿನ ಗಡಿಯೊಳಗೆ ದೇಹವನ್ನು ಬಂಧಿಸಿಡಬೇಕು. ಹಬ್ಬದ ದಿನ ಮನೆಮಂದಿಯೆಲ್ಲ ಹೋಳಿಗೆಯ ಎಲೆಯ ಮುಂದೆ ಕುಳಿತಾಗ ಆತ ಕೈ ಕಟ್ಟಿ ಕುಳಿತಿರಬೇಕು. ಇಷ್ಟೆಲ್ಲ ವ್ರತ ಎಷ್ಟು ಹೊತ್ತಿನ ವೈಭವಕ್ಕೆ? 2,400 ಮೀಟರಿನ ಡರ್ಬಿಯೂ ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆ ಎರಡೂವರೆ ನಿಮಿಷದಲ್ಲಿ ಪ್ರಾಣವೂ ಪಣದಲ್ಲಿರುತ್ತದೆ. ಮುಂಬಯಿಯ ಮಹಾಲಕ್ಷ್ಮಿ ಮೈದಾನದಲ್ಲಿ ಕುದುರೆಯಿಂದ ಬಿದ್ದು, ಕಾರ್ಲ್ ಉಮ್ರೀಗರ್ ಎಂಬ ಪ್ರತಿಭಾವಂತ ಜಾಕಿ 1979ರಲ್ಲಿ ಅಸುನೀಗಿದಾಗ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಬೀಳದೆ ಉಳಿದವನಿಗೂ ಒಂದು ದಿನ ಇಳಿಯಬೇಕಾಗುತ್ತದೆ. ಮೈ ಭಾರವಾಗುತ್ತದೆ, ಹಳೆಯ ಪೆಟ್ಟುಗಳು ಚಳಿಗಾಲದಲ್ಲಿ ಮಾತನಾಡತೊಡಗುತ್ತವೆ. ಬೇರೆ ಕಸುಬಿನವರು ಪಕ್ವವಾಗುವ ವಯಸ್ಸಿಗೆ ಜಾಕಿಗೆ ನಿವೃತ್ತಿ. ಆಗ ಕೆಲವರು ಪರವಾನಗಿ ಪಡೆದು ತರಬೇತುದಾರರಾಗುತ್ತಾರೆ. ಸವಾರಿ ಬಲ್ಲವನಿಗೆ ಇದೇನು ಕಷ್ಟವೆಂದು ಹೊರಗಿನವರಿಗೆ ತೋರೀತು. ಆದರೆ ಇಲ್ಲಿ ಕಲಿಯಬೇಕಾದುದು ಬೇರೆಯೇ ವಿದ್ಯೆ.

ಶಹಾಬಾದಿನ ಕಲ್ಲುಗಣಿಯನ್ನು ಕಂಡವರಿಗೆ ಇದು ತಿಳಿಯುತ್ತದೆ. ಅಲ್ಲಿಯ ಕಲ್ಲು ಪದರ ಪದರವಾಗಿ ಭೂಮಿಯಲ್ಲಿ ಮಲಗಿದೆ. ಹೊಸಬನು ತೋಳಿನ ಬಲದಿಂದ ಹೊಡೆಯುತ್ತಾನೆ. ಹಾಸುಗಲ್ಲು ಒಡೆದು ಚೂರಾಗುತ್ತದೆ. ಅನುಭವಿಯು ಮೊದಲು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ತರಬೇತುದಾರನೂ ಬೆಳಗಿನ ಕತ್ತಲಲ್ಲಿ ಲಾಯಕ್ಕೆ ಹೋಗಿ ಮಾಡುವ ಕೆಲಸ ಅದೇ. ರಾತ್ರಿ ಇಟ್ಟ ಮೇವು ಗೋದಲಿಯಲ್ಲಿ ಉಳಿದಿದೆಯೇ ಎಂದು ನೋಡುತ್ತಾನೆ. ಬಳಿಕ ಮೊಣಕಾಲೂರಿ ಕುಳಿತು, ಕುದುರೆಯ ಮುಂಗಾಲಿನ ಮೇಲೆ ಮೆಲ್ಲನೆ ಕೈಯಾಡಿಸುತ್ತಾನೆ. ಮಂಡಿಯ ಕೆಳಗೆ ಅಲ್ಲಿ ಮಾಂಸಖಂಡವಿಲ್ಲ. ಎಲುಬು, ಅದರ ಹಿಂದೆ ಬಿಗಿದ ನರಹುರಿ, ಮೇಲೆ ತೊಗಲು. ಒಂದೆಡೆ ತುಸು ಬಿಸುಪು ಹತ್ತಿದರೂ ಸಾಕು, ಆ ದಿನದ ಓಟವಿಲ್ಲ. ಇಂದಿನ ಅವಸರ ನಾಳೆ ಆ ಪ್ರಾಣಿಯನ್ನು ಕುಂಟಾಗಿಸಬಹುದು. ಅದರ ಬೆನ್ನಿನ ಮೇಲಿರುವ ಹುಡುಗನನ್ನೂ ಕೆಡಹಬಹುದು.

ಕಾಯುವ ಈ ವಿದ್ಯೆಗೆ ಇಂಗ್ಲೆಂಡಿನ ಹ್ಯಾರಿ ರ‍್ಯಾಗ್ ಎಂಬಾತನ ಬದುಕು ಒಳ್ಳೆಯ ನಿದರ್ಶನ. 1928, 1930, 1942ರಲ್ಲಿ ಆತ ಜಾಕಿಯಾಗಿ ಡರ್ಬಿಯನ್ನು ಗೆದ್ದ. ಹಿಂದೆ ಉಳಿದು, ಕಾದು, ಕೊನೆಗೆ ಮುನ್ನುಗ್ಗುವ ಆತನ ರೀತಿಯನ್ನು ಕಂಡು ಜನ ‘ಹೆಡ್ ವೇಟರ್’ ಎಂದು ಹಾಸ್ಯದ ಹೆಸರಿಟ್ಟರು. ಹೋಟೆಲಿನ ಮಾಣಿಗೂ ಸಲ್ಲುವ, ಕಾಯುವವನಿಗೂ ಸಲ್ಲುವ ಹೆಸರು. ತರಬೇತುದಾರನಾದ ಮೇಲೆ ಆತ ಕುದುರೆಗಳನ್ನೇ ತೂಗಿ ನೋಡತೊಡಗಿದ. ತನ್ನ ಯೌವನವನ್ನೆಲ್ಲ ಆಳಿದ ತಕ್ಕಡಿಯನ್ನು ಈಗ ಆರೈಕೆಯ ಸಾಧನವನ್ನಾಗಿ ಮಾಡಿಕೊಂಡ! 1961ರ ಡರ್ಬಿಯಲ್ಲಿ ಆತನ ಸಿಡಿಯಮ್ ಎಂಬ ಕುದುರೆಯ ಮೇಲೆ ಒಂದಕ್ಕೆ ಅರವತ್ತಾರರ ದರವಿತ್ತು, ಅಂದರೆ ಅದನ್ನು ನಂಬಿದವರೇ ಇರಲಿಲ್ಲ. ಬಹಳ ಹಿಂದಿನಿಂದ ಬಂದು ಅದು ಗೆದ್ದಿತು. ಕಡಿವಾಣ ಮಾತ್ರ ಬೇರೊಬ್ಬ ಜಾಕಿಯ ಕೈಯಲ್ಲಿತ್ತು. ಆ ಗೆಲುವಿನ ನಂತರ ಕಾಲಿನ ನರಹುರಿಗೆ ಪೆಟ್ಟಾಗಿ ಸಿಡಿಯಮ್ ಮತ್ತೆ ಓಡಲೇ ಇಲ್ಲ. ಗೆಲುವೂ ನಷ್ಟವೂ ಒಂದೇ ಲಾಯದಲ್ಲಿ ವಾಸಿಸುವುದು ಹೀಗೆ.

ನಮ್ಮ ದೇಶದಲ್ಲಿ ಈ ದಾರಿಯನ್ನು ನಡೆದವರಲ್ಲಿ ಪೇಸಿ ಶ್ರಾಫರ ಹೆಸರು ದೊಡ್ಡದು. ಜಾಕಿಯಾಗಿ ಎಂಟು ಸಲ ಇಂಡಿಯನ್ ಡರ್ಬಿಯನ್ನು ಗೆದ್ದು, ಹದಿನೇಳು ನೂರಕ್ಕೂ ಮಿಕ್ಕಿದ ಗೆಲುವುಗಳನ್ನು ಕಂಡು, 2004ರಲ್ಲಿ ಅವರು ಜೀನಿನಿಂದ ಇಳಿದರು. ಬಳಿಕ ತರಬೇತುದಾರರಾಗಿಯೂ ಮೊದಲ ಸಾಲಿನಲ್ಲಿ ನಿಂತರು. ಅಷ್ಟು ಗೆದ್ದ ಕೈಗಳು ಕಡಿವಾಣವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಒಳಗೆ ಏನಾದೀತು? ಮಗಳಿಗೆ ಸೌಟನ್ನು ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತ ತಾಯಿಗೆ ಆ ಸಂಕಟ ಅರ್ಥವಾದೀತು. ‘ಈಗ ಬಿಡು, ಈಗ ಬಿಡು’ ಎಂದು ಮನಸ್ಸು ಕೂಗುತ್ತಿರುತ್ತದೆ. ಆ ಕೂಗು ಮೈದಾನದ ಆಚೆ ಬದಿಗೆ ಕೇಳಿಸದು.

ಆದರೂ ಮಾಜಿ ಜಾಕಿಯ ಬಳಿ ಒಂದು ಸಂಪತ್ತು ಉಳಿದಿರುತ್ತದೆ. ಬೀಳುವುದೆಂದರೇನೆಂದು ಆತನ ಎಲುಬಿಗೆ ಗೊತ್ತು. ಆದಕಾರಣ ಒಡೆಯನು ಅವಸರಪಡಿಸಿದರೂ, ಬಾಜಿ ಕಟ್ಟಿದವರು ಗೊಣಗಿದರೂ, ಬಿಸುಪು ಹತ್ತಿದ ಕಾಲಿನ ಕುದುರೆಯನ್ನು ಆತ ಲಾಯದಲ್ಲೇ ಉಳಿಸಬಲ್ಲ. ಅದಕ್ಕೆ ಚಪ್ಪಾಳೆಯಿಲ್ಲ, ಬಟ್ಟಲಿಲ್ಲ. ಸಂಜೆ ಮಲಕಪೇಟೆಯಿಂದ ಹೊರಟು, ವಾಡಿಯ ಗಾಡಿಯಲ್ಲಿ ಕುಳಿತು ಗೆಲುವು ಸೋಲುಗಳನ್ನು ಚರ್ಚಿಸುವವರಿಗೆ, ಓಡದ ಕುದುರೆಯ ನೆನಪೂ ಇರುವುದಿಲ್ಲ. ಅದು ಮಾತ್ರ ಲಾಯದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತು ಮೇವು ಮೇಯುತ್ತಿರುತ್ತದೆ.